ನಾಣ್ಯ ಯಾವ ಕೈಯಲ್ಲಿದೆ?

ದಾವಣಗೆರೆಯಲ್ಲಿ ನನ್ನ ಹತ್ತಿರ ಮಾನಸಿಕ ತಪಾಸಣೆಯ ವರದಿಗೆ ಬರುವವರಲ್ಲಿ ಹೆದ್ದಾರಿ 48ರಲ್ಲಿ ಅಪಘಾತವಾದವರು ಜಾಸ್ತಿ. ತಲೆಗೆ ಪೆಟ್ಟು, ಪರಿಹಾರದ ಕೇಸು, ‘ಏನೂ ನೆನಪಿಲ್ಲ ಮೇಡಂ’ ಅನ್ನುವ ಮಾತು. ಹೆಚ್ಚಿನವರು ಹೇಳುವುದು ನಿಜವೇ. ಹಾಗಾಗಿ ಮರೆವಿನ ನಟನೆ ಪತ್ತೆ ಹಚ್ಚುವ ಪರೀಕ್ಷೆಯಲ್ಲಿ ನಿಜವಾದ ರೋಗಿ ಸಿಕ್ಕಿಹಾಕಿಕೊಳ್ಳಬಾರದು. ನನಗೆ ಅದೇ ಮುಖ್ಯ.

ಇಂಥ ನಟನೆ ಪತ್ತೆಗೆ ರೇ ಪರೀಕ್ಷೆ ಅಂತ ಒಂದಿದೆ. 15 ಗುರುತುಗಳನ್ನು 10 ಸೆಕೆಂಡ್ ತೋರಿಸಿ, ನೆನಪಿನಿಂದ ಬರೆಸುತ್ತಾರೆ. ಅದರಲ್ಲಿ ಎಬಿಸಿ, ರೋಮನ್ ಅಂಕಿ, ಆಕಾರಗಳು. ಜಗಳೂರು ಕಡೆಯ ಅಜ್ಜ, ಜೀವನದಲ್ಲಿ ಪೆನ್ನೇ ಹಿಡಿಯದವರು, ಇದರಲ್ಲಿ ಕಡಿಮೆ ಅಂಕ ತೆಗೆದರೆ ಅದು ನಾಟಕ ಅಲ್ಲ, ಅಲ್ವಾ?

ಅದಕ್ಕೇ ನಾನು ನಾಣ್ಯದಿಂದ ಶುರು ಮಾಡುತ್ತೇನೆ. ಕಪೂರ್ ಎನ್ನುವ ತಜ್ಞರು 1994ರಲ್ಲಿ ವಿವರಿಸಿದ ಪರೀಕ್ಷೆ ಇದು. ಅಂಗೈಯಲ್ಲಿ ನಾಣ್ಯ ಇಟ್ಟು ಎರಡು ಸೆಕೆಂಡ್ ತೋರಿಸಬೇಕು. ಪರೀಕ್ಷೆಗೆ ಕೂತವರು ಕಣ್ಣು ಮುಚ್ಚಿ ಹತ್ತರಿಂದ ಒಂದರವರೆಗೆ ಹಿಂದಕ್ಕೆ ಎಣಿಸಬೇಕು. ಆಮೇಲೆ ಮುಚ್ಚಿದ ಎರಡು ಮುಷ್ಟಿಗಳಲ್ಲಿ ಸರಿಯಾದದ್ದನ್ನು ಮುಟ್ಟಬೇಕು. ಹೀಗೆ ಹತ್ತು ಸಲ. ‘ಇದು ಕಷ್ಟದ ಪರೀಕ್ಷೆ’ ಅಂತ ಮೊದಲೇ ಹೇಳಿರುತ್ತೇನೆ. ನಿಜಕ್ಕೂ ಅದು ಎಷ್ಟು ಸುಲಭ ಅಂದರೆ, ಮೆದುಳಿನ ಪೆಟ್ಟಿನಿಂದ ತೀವ್ರ ಮರೆವು ಇರುವವರೂ ಹೆಚ್ಚೂಕಡಿಮೆ ಎಲ್ಲವನ್ನೂ ಸರಿ ಹೇಳುತ್ತಾರೆ.

ಒಬ್ಬರು ಪ್ರತಿ ಸಲ ಕಣ್ಣು ತೆರೆದ ತಕ್ಷಣ ನಾಣ್ಯವಿದ್ದ ಮುಷ್ಟಿಯನ್ನೇ ನೋಡಿದರು. ಬೆರಳು ಮಾತ್ರ ಇನ್ನೊಂದರ ಕಡೆ ಹೋಯಿತು. ಹತ್ತಕ್ಕೆ ಹತ್ತೂ ತಪ್ಪು. ಸುಮ್ನೆ ಊಹಿಸಿದ್ದರೂ ಐದರ ಆಸುಪಾಸು ಸರಿ ಬರಬೇಕಿತ್ತು. ಹತ್ತೂ ತಪ್ಪಾಗುವ ಸಾಧ್ಯತೆ 1024ರಲ್ಲಿ ಒಂದು. ಉತ್ತರ ಗೊತ್ತಿದ್ದೇ ಹೀಗೆ ತಪ್ಪಿಸಿರುವ ಸಾಧ್ಯತೆಯೇ ಹೆಚ್ಚು.

ಆದರೂ ಒಂದೇ ಪರೀಕ್ಷೆ ನಂಬಿ ನಾನು ಬರೆಯುವುದಿಲ್ಲ. ಮರೆವಿನ ನಟನೆಯನ್ನೇ ಪತ್ತೆ ಹಚ್ಚುವ, 50 ಚಿತ್ರಗಳನ್ನು ತೋರಿಸಿ ಆಮೇಲೆ ಗುರುತಿಸಲು ಹೇಳುವ ಟಾಮ್ ಪರೀಕ್ಷೆಯನ್ನೂ ಮಾಡಿಸುತ್ತೇನೆ. ಎರಡನೇ ಸುತ್ತಿನಲ್ಲಿ 45ಕ್ಕಿಂತ ಕಡಿಮೆ ಬಂದರೆ ಅನುಮಾನ. ಜೊತೆಗೆ ಮಾತಾಡಿಸಿ ಹಳೆಯದು, ಹೊಸದು ಏನು ನೆನಪಿದೆ ಅಂತ ಕೇಳುತ್ತೇನೆ. ಊರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ನೆನಪಿಗೆ ಒಳ್ಳೆಯ ಗುರುತು. ಪೆಟ್ಟು ಬಿದ್ದವರಿಗೆ ಸಾಮಾನ್ಯವಾಗಿ ಇತ್ತೀಚಿನದು ಹೋಗಿರುತ್ತದೆ, ಹಳೆಯದು ಉಳಿದಿರುತ್ತದೆ. ಎಚ್ಚರವಾಗಿ ಮಾತಾಡುತ್ತಾ ಕೂತವರು ಸ್ವಂತ ಹೆಸರೇ ಮರೆತಿದೆ ಅಂದರೆ ಮನೆಯವರನ್ನು ಬೇರೆಯಾಗಿ ಕೂರಿಸಿ ಕೇಳುತ್ತೇನೆ.

ಅಂಕದಲ್ಲಿ ಕಾರಣ ಕಾಣುವುದಿಲ್ಲ. ಹಣ ಇರಬಹುದು, ಭಯ ಇರಬಹುದು, ಮನೆಯ ಒತ್ತಡವೂ ಇರಬಹುದು. ಅದಕ್ಕೇ ಹತ್ತೂ ತಪ್ಪು ಮಾಡಿದವರ ವರದಿಯಲ್ಲಿ ‘ಸುಳ್ಳುಗಾರ’ ಅಂತ ಬರೆಯಲಿಲ್ಲ. ‘ಇಲ್ಲಿ ತೋರಿಸಿದ ಮರೆವು ಈ ಪೆಟ್ಟಿಗೆ ಹೊಂದುವುದಿಲ್ಲ’ ಅಂತ ಬರೆದೆ. ಅವರ ಸ್ಕ್ಯಾನಿನಲ್ಲಿ ಗಾಯ ಇತ್ತು, ತಲೆನೋವೂ ನಿಜವಾಗಿತ್ತು. ಅದನ್ನೂ ಅದೇ ಪುಟದಲ್ಲಿ, ಅಷ್ಟೇ ಸ್ಪಷ್ಟವಾಗಿ ಸೇರಿಸಿದೆ.