ಜೋಡಿಯಾಗಿ ಕೆನಡಾ ಪಿಆರ್‌ಗೆ (ಕಾಯಂ ವಾಸದ ಅನುಮತಿಗೆ) ಅರ್ಜಿ ಹಾಕೋರು ಸ್ವಲ್ಪ ನೋಡಿ
ಮುಖ್ಯ ಅರ್ಜಿದಾರ ಗಂಡನೇ ಆಗಬೇಕು ಅಂತೇನಿಲ್ಲ ಮಾರಾಯ್ರೆ. ಅಂಕ ನೋಡಿ ಆರಿಸೋ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಸಂಗಾತಿಯ ಪಾಲಿಗೆ ಹೆಚ್ಚೆಂದರೆ 40 ಅಂಕ, ಅದರಲ್ಲಿ 20 ಭಾಷೆಗೇ. ಇಬ್ಬರ ಹೆಸರಲ್ಲೂ ಒಂದೊಂದು ಸಲ ಲೆಕ್ಕ ಹಾಕಿ. ನಾನು ಹಟ ಹಿಡಿದು ಕೂತಿದ್ದೆ, ನೋಡಿದ್ರೆ ನಮ್ಮನೆಯವಳ ಸ್ಕೋರೇ ಮೇಲೆ!

ನಮ್ಮನ್ನು ಕಾಡಿದ್ದು ಇನಿಷಿಯಲ್. ಅಂಕಪಟ್ಟಿಯಲ್ಲಿ ಬರೀ 'ಟಿ.', ಪಾಸ್‌ಪೋರ್ಟ್‌ನಲ್ಲಿ 'ತೀರ್ಥಹಳ್ಳಿ' ಪೂರ್ತಿ, ಮದುವೆ ಸರ್ಟಿಫಿಕೇಟ್‌ನಲ್ಲಿ ಎರಡೂ ಇಲ್ಲ. ಕೊನೆಗೆ ಒಬ್ಬನೇ ವ್ಯಕ್ತಿ ಅಂತ ನೋಟರಿ ಅಫಿಡವಿಟ್ ಮಾಡಿಸಿ ಸೇರಿಸಿದೆವು. ಲಗ್ನಪತ್ರಿಕೆ, ಛತ್ರದ ರಸೀದಿ ನಂಬಿ ಕೂರಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಣಿ ಮೊದಲು ಮುಗಿಸಿ.

ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಫಲಿತಾಂಶ 2 ವರ್ಷ, ಪದವಿ ಮೌಲ್ಯಮಾಪನದ ವರದಿ ಇಸಿಎ 5 ವರ್ಷ ಮಾತ್ರ ಚಾಲ್ತಿ.

ಆಗುಂಬೆ, ಹೊಸನಗರ ಕಡೆಯವರು ಮೂಲ ದಾಖಲೆಗಳನ್ನು ಮಳೆ ಹಿಡಿಯೋ ಮೊದಲೇ ಸ್ಕ್ಯಾನ್ ಮಾಡಿಡಿ. ಟ್ರಂಕಿನಲ್ಲಿದ್ದ ನನ್ನ ಪಿಯುಸಿ ಅಂಕಪಟ್ಟಿಗೆ ಬೂಷ್ಟು ಹಿಡಿದು ಸೀಲೇ ಕಾಣ್ತಿರಲಿಲ್ಲ.