ಬಾಣಂತನದ ರಾತ್ರಿ: ನಮ್ಮ ಎರಡು ಪಾಳಿ

ರಾತ್ರಿ 9ರಿಂದ 2ರವರೆಗೆ ಮಗು ನನ್ನದು, 2ರಿಂದ 7ರವರೆಗೆ ಹೆಂಡತಿಯದು. ಕಳೆದ ಮಳೆಗಾಲದಲ್ಲಿ ಮಗಳು ಹುಟ್ಟಿದಾಗ ಈ ಲೆಕ್ಕವನ್ನು ಉಡುಪಿಯ ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ನಿಮಗೆ ಬೆಳಿಗ್ಗೆ ಮಣಿಪಾಲಕ್ಕೆ ಕೆಲಸಕ್ಕೆ ಹೋಗ್ಲಿಕ್ಕಿಲ್ವಾ?" ಎಂದರು ಅತ್ತೆ.

ಮೊದಲ 3 ವಾರ ಮಗು ಅತ್ತಾಗಲೆಲ್ಲ ಇಬ್ಬರೂ ಏಳುತ್ತಿದ್ದೆವು. ತಲಾ 3 ತಾಸು ನಿದ್ದೆ, ಅದೂ ತುಂಡು ತುಂಡು. ತಾನೇ ತೂಗುವ ಕರೆಂಟಿನ ತೊಟ್ಟಿಲಿಗೆ ಸುಮಾರು 6,000 ಸುರಿದೆ; ಮಗಳು 2 ದಿನವೂ ಮಲಗಲಿಲ್ಲ. ರಾತ್ರಿಗೆಂದು ಇಟ್ಟುಕೊಂಡ ಆಯಾ ಮಗುವಿಗಿಂತ ಮೊದಲೇ ನಿದ್ದೆ ಹೋಗುತ್ತಿದ್ದರು. 10 ದಿನಕ್ಕೆ ಮತ್ತೊಂದು 5,000 ಹೋಯಿತು.

ಕೊನೆಗೆ ಪಾಳಿ ಶುರುವಾಯಿತು. ಅವಳು 9ಕ್ಕೆ ಹಾಲೂಡಿಸಿ ಮಹಡಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಪಂಪು ಮಾಡಿಟ್ಟ ಹಾಲನ್ನು 12ರ ಹೊತ್ತಿಗೆ ನಾನು ಒಳಲೆಯಲ್ಲಿ ಕುಡಿಸುವುದು, 60 ಎಂಎಲ್ ಆಸುಪಾಸು. ಮೊದಲ ರಾತ್ರಿಯೇ ಎಡವಿದೆವು. 5 ತಾಸು ಮಲಗಿದವಳಿಗೆ ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ಬೆಳಗಾಗುವಷ್ಟರಲ್ಲಿ ಚಳಿಜ್ವರ. ಅಂದಿನಿಂದ ಮಲಗುವ ಮುನ್ನ 10 ನಿಮಿಷ ಪಂಪು, 1:30ಕ್ಕೇ ಎಬ್ಬಿಸುವುದು. 4 ತಾಸಿನ ಅಖಂಡ ನಿದ್ದೆ ಸಿಕ್ಕಿದ ಮೇಲೆ ಅವಳ ಮುಖದ ಬಣ್ಣವೇ ಬದಲಾಯಿತು.

ಹಾಲು ಹೊರಗೆ 4 ತಾಸು ಇರುತ್ತದೆ ಎನ್ನುವುದು 25 ಡಿಗ್ರಿಯ ಮಾತು. ನಮ್ಮ ಸೆಕೆಗೆ ನಂಬಬೇಡಿ, ಫ್ರಿಜ್ಜೇ ಸರಿ. ಅದೂ ಒಂದು ಗಾಳಿಮಳೆಯ ರಾತ್ರಿ ಕೈಕೊಟ್ಟಿತು. ಲೈನಿನ ಮೇಲೆ ಮರ ಬಿದ್ದು ಬೆಳಗಿನವರೆಗೆ ಕರೆಂಟಿಲ್ಲ. 200 ಎಂಎಲ್ ಹಾಲನ್ನು ಸಿಂಕಿಗೆ ಸುರಿಯುವಾಗ ಅವಳು ಅತ್ತೇ ಬಿಟ್ಟಳು. ಮರುದಿನವೇ ಮಲ್ಪೆಯಲ್ಲಿ ಮೀನಿಗೆ ಬಳಸುವಂಥ ಥರ್ಮಾಕೋಲ್ ಪೆಟ್ಟಿಗೆ ಹೊಸದೊಂದನ್ನು 150 ರೂಪಾಯಿಗೆ ತಂದೆ. ಕರೆಂಟು ಹೋದರೆ ಹಾಲು ಅದರೊಳಗೆ, ಸುತ್ತ ಐಸು. ಆಮೇಲೆ ಒಂದು ಹನಿಯೂ ಹಾಳಾಗಿಲ್ಲ.

ನಡುವೆ ಸದ್ದಿನ ಪ್ರಯೋಗವನ್ನೂ ಮಾಡಿದೆ. ಮಲ್ಪೆಯ ಅಲೆಗಳನ್ನು ಫೋನಿನಲ್ಲಿ ಹಿಡಿದು ತಂದು ಕೇಳಿಸಿದರೆ ಮಗಳು ಕಣ್ಣರಳಿಸಿ ಆಲಿಸಿದಳು. ಬಚ್ಚಲಿನ ಎಗ್ಸಾಸ್ಟ್ ಫ್ಯಾನಿನ ಗುಂಯ್ ಸದ್ದಿಗೆ ಮಾತ್ರ ಐದೇ ನಿಮಿಷಕ್ಕೆ ನಿದ್ದೆ.

ತೇಗು ಬರಿಸಿದ ಮೇಲೆ ಎಚ್ಚರವಾಗದಂತೆ ಮಲಗಿಸುವುದರಲ್ಲಿ ಮನೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅಂಗಾತವಾಗಿ, ದಿಂಬಿಲ್ಲದೆ, ಗಟ್ಟಿ ಹಾಸಿಗೆಯ ಮೇಲೆ, ಅಷ್ಟು ಹೇಳುತ್ತೇನೆ. ಕೈ ಬಿಡಿಸಿಕೊಳ್ಳುವ ಬಗೆ ನನ್ನಲ್ಲೇ ಇರಲಿ.

ಎರಡು ತಿಂಗಳಾಗುವಷ್ಟರಲ್ಲಿ ಇಬ್ಬರಿಗೂ 6 ತಾಸಿನ ಹತ್ತಿರ ನಿದ್ದೆ ಆಗುತ್ತಿತ್ತು. ಮೊನ್ನೆ ಅತ್ತೆ ಥರ್ಮಾಕೋಲ್ ಪೆಟ್ಟಿಗೆಯನ್ನು ತೊಳೆದು ಒಣಗಿಸಿ ಕುಂದಾಪುರಕ್ಕೆ ಒಯ್ದರು. ನಾದಿನಿಗೆ ಬರುವ ತಿಂಗಳು ಹೆರಿಗೆ.