ಟೈಟಾನಿಕ್ ಪೆಟ್ಟಿಗೆಯಿಂದ ಬ್ರಿಟಾನಿಕ್ ಮಾಡಿದ್ದು

"ಅಜ್ಜ, ಟೈಟಾನಿಕ್‌ಗೆ ಯಾಕೆ ಬಿಳಿ ಬಣ್ಣ ಬಳೀತಿದ್ದೀರಿ?" ಅಂದಳು ಮೊಮ್ಮಗಳು. ಇದು ಟೈಟಾನಿಕ್ ಅಲ್ಲ ಮಗಾ, ಅದರ ತಂಗಿ ಬ್ರಿಟಾನಿಕ್ ಅಂದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಟೈಟಾನಿಕ್ ಎಂದೇ ಇತ್ತು. ಅವಳು ನಂಬಲಿಲ್ಲ.

ಅದು ಬಿಡಿ ಭಾಗಗಳನ್ನು ಜೋಡಿಸಿ ಮಾಡುವ ಮಾದರಿ ಹಡಗಿನ ಕಿಟ್. 1:400 ಅಳತೆಯದು, ಜೋಡಿಸಿದರೆ 67 ಸೆಂಟಿಮೀಟರ್ ಉದ್ದ. ನಿಜವಾದ ಬ್ರಿಟಾನಿಕ್ ಟೈಟಾನಿಕ್‌ಗಿಂತ ಒಂದೂವರೆ ಅಡಿ ಅಗಲ ಜಾಸ್ತಿ. ನನ್ನ ಮೇಜಿನ ಮೇಲೆ ಅದು ಒಂದು ಮಿಲಿಮೀಟರ್ ಚಿಲ್ಲರೆ, ಹಾಗಾಗಿ ಬಿಟ್ಟುಬಿಟ್ಟೆ. ಬಿಡಲಾಗದ್ದು ಬಣ್ಣ ಮತ್ತು ದೋಣಿ ಇಳಿಸುವ ಕ್ರೇನುಗಳು.

ಹಡಗು ಬೆಲ್‌ಫಾಸ್ಟ್‌ನಲ್ಲಿ ನೀರಿಗಿಳಿದದ್ದು 1914ರ ಫೆಬ್ರವರಿ 26ರಂದು. ಒಳಗಿನ ಕೆಲಸ ನಡೆಯುತ್ತಿದ್ದಾಗಲೇ ಯುದ್ಧ ಶುರುವಾಯಿತು. 1915ರ ನವೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಆಸ್ಪತ್ರೆ ಹಡಗಾಗಿ ಪಡೆದುಕೊಂಡಿತು. ಹಾಗಾಗಿ ಟಿಕೆಟ್ ಕೊಂಡ ಒಬ್ಬ ಪ್ರಯಾಣಿಕನೂ ಅದನ್ನು ಹತ್ತಲೇ ಇಲ್ಲ. ಮೊದಲ ದರ್ಜೆಯವರು ಊಟ ಮಾಡಬೇಕಿದ್ದ ಸಭಾಂಗಣದ ಸುತ್ತ ವಾರ್ಡುಗಳು, ಆಪರೇಷನ್ ಥಿಯೇಟರುಗಳು ಬಂದವು. ಒಟ್ಟು ಹಾಸಿಗೆ 3,309.

ಕಿಟ್‌ನ ಒಡಲು ಕರಿ ಪ್ಲಾಸ್ಟಿಕ್. ಕರಿಯ ಮೇಲೆ ನೇರ ಬಿಳಿ ಹೊಡೆದರೆ ಎಷ್ಟು ಕೋಟ್ ಹಾಕಿದರೂ ಒಳಗಿಂದ ಮಸುಕು ಕಾಣುತ್ತದೆ. ಮೊದಲು ಬೂದು, ಆಮೇಲೆ ತೆಳುವಾಗಿ ನಾಲ್ಕು ಸಲ ಬಿಳಿ. ನಾನು ಇದನ್ನು ಮಂಗಳೂರಿನ ಆಟಿ ತಿಂಗಳಲ್ಲಿ, ಅಂದರೆ ಜಡಿಮಳೆಗಾಲದಲ್ಲಿ, ಶುರು ಮಾಡಿದ್ದು ಶುದ್ಧ ದಡ್ಡತನ. ಗಾಳಿಯ ತೇವಕ್ಕೆ ಸ್ಪ್ರೇ ಬಣ್ಣ ಮಜ್ಜಿಗೆ ಬಳಿದ ಹಾಗೆ ಮಂಕಾಯಿತು. ಉಜ್ಜಿ ತೆಗೆದು, ಬಿಸಿಲು ಬರುವ ತನಕ ಕಾದೆ.

ಹಸಿರು ಪಟ್ಟಿಯೇ ಅಸಲಿ ಪರೀಕ್ಷೆ. 1907ರ ಹೇಗ್ ಒಪ್ಪಂದದ ಪ್ರಕಾರ ಸೈನ್ಯದ ಆಸ್ಪತ್ರೆ ಹಡಗಿಗೆ ಬಿಳಿ ಮೈ, ಸುತ್ತ ಸುಮಾರು ಒಂದೂವರೆ ಮೀಟರ್ ಅಗಲದ ಹಸಿರು ಪಟ್ಟಿ ಇರಬೇಕು. ನನ್ನ ಲೆಕ್ಕಕ್ಕೆ ಅದು ನಾಲ್ಕು ಮಿಲಿಮೀಟರ್‌ಗೂ ಕಡಿಮೆ. ಮೊದಲ ಸಲ ಸ್ಕೇಲ್ ಇಟ್ಟು ನೆಟ್ಟಗೆ ಗೆರೆ ಎಳೆದೆ. ದೂರ ನಿಂತು ನೋಡಿದರೆ ಹಡಗು ನಡುವೆ ಬೆನ್ನುಬ್ಬಿಸಿದ ಹಾಗೆ! ಹಡಗಿನ ಮೂತಿ, ಬಾಲ ಎರಡೂ ನವಿರಾಗಿ ಮೇಲಕ್ಕೆ ಬಾಗಿರುತ್ತವೆ, ಪಟ್ಟಿಯೂ ಆ ಬಾಗನ್ನೇ ಹಿಡಿದು ಹೋಗಬೇಕು. ಎರಡನೇ ಸಲ ಮಾಸ್ಕಿಂಗ್ ಟೇಪಿನ ಅಡಿಗೆ ಹಸಿರು ಸೋರಿ ಗರಗಸದ ಹಲ್ಲಿನಂತಾಯಿತು. ಇದಕ್ಕೆ ಉಪಾಯ ಸುಲಭ: ಟೇಪ್ ಒತ್ತಿದ ಮೇಲೆ ಅಂಚಿಗೆ ಮತ್ತೊಮ್ಮೆ ಬಿಳಿಯನ್ನೇ ಹಚ್ಚಿ. ಸೋರುವುದಿದ್ದರೆ ಬಿಳಿ ಸೋರಲಿ. ಒಣಗಿದ ಮೇಲೆ ಹಸಿರು. ಪಟ್ಟಿಯನ್ನು ತುಂಡರಿಸುವ ಕೆಂಪು ಶಿಲುಬೆಗಳು ಒಂದೊಂದು ಮಗ್ಗುಲಿಗೆ ಮೂರು. ಹೊಗೆಕೊಳವೆಗಳಿಗೆ ಟೈಟಾನಿಕ್‌ನ ಕರಿ ಟೋಪಿ ಇಲ್ಲ, ಬುಡದಿಂದ ತುದಿಯವರೆಗೂ ಮಾಸಲು ಹಳದಿ.

ಕ್ರೇನುಗಳನ್ನು ಹಿತ್ತಾಳೆ ತಂತಿಯಿಂದ ನಾನೇ ಕಟ್ಟಿದೆ. ಟೈಟಾನಿಕ್ ಮುಳುಗಿದ ಮೇಲೆ ಬಂದ ಬುದ್ಧಿ ಅದು: ಒಂದೊಂದು ಜೊತೆ ಆರು ದೋಣಿಗಳನ್ನು ಇಳಿಸಬೇಕು. ಎಂಟು ಜೊತೆಗೆ ನಕ್ಷೆ ಹಾಕಿದ್ದರು. ಯುದ್ಧದ ಅವಸರದಲ್ಲಿ ಐದೇ ಕೂತವು. ಕಿಟ್‌ನಿಂದ ಮಾಡುವವರು ಎಂಟೂ ಕೂರಿಸಿಬಿಡುತ್ತಾರೆ, ನೋಡಲು ಚೆಂದ. ಆದರೆ ಎಂಟು ಕೂತ ಬ್ರಿಟಾನಿಕ್ ಕಡಲಿಗೆ ಹೋಗಲೇ ಇಲ್ಲ.

ಕೊನೆಗೆ ಉಳಿದದ್ದು ದುಂಡು ಕಿಟಕಿಗಳು. 1916ರ ನವೆಂಬರ್ 21ರ ಬೆಳಿಗ್ಗೆ 8.12ಕ್ಕೆ, ಗ್ರೀಸಿನ ಕಿಯಾ ದ್ವೀಪದ ಬಳಿ, ಜರ್ಮನ್ ಜಲಾಂತರ್ಗಾಮಿ ಯು-73 ನೀರಲ್ಲಿ ಹಾಕಿಟ್ಟಿದ್ದ ಸ್ಫೋಟಕ ಮೈನ್ ಹಡಗಿನ ಬಲಮುಂದಕ್ಕೆ ಬಡಿಯಿತು. ಗಾಯಾಳುಗಳನ್ನು ಕರೆತರಲು ಗ್ರೀಸಿನ ಲೆಮ್ನೋಸ್ ದ್ವೀಪದ ಮುದ್ರೋಸ್ ಬಂದರಿಗೆ ಹೊರಟಿದ್ದರಿಂದ ರೋಗಿಗಳು ಇರಲಿಲ್ಲ. ಆರು ವಿಭಾಗಗಳಿಗೆ ನೀರು ನುಗ್ಗಿದರೂ ತೇಲುವಂತೆ ಕಟ್ಟಿದ್ದ ಹಡಗು. ಆದರೆ ವಾರ್ಡುಗಳಿಗೆ ಗಾಳಿ ಆಡಲೆಂದು ನರ್ಸ್‌ಗಳು ಕೆಳ ಅಂತಸ್ತಿನ ಕಿಟಕಿ ತೆರೆದಿಟ್ಟಿದ್ದರು. ಹಡಗು ವಾಲುತ್ತಿದ್ದಂತೆ ಅಲ್ಲಿಂದ ನೀರು. ದಡ ಮುಟ್ಟಿಸಲು ಕ್ಯಾಪ್ಟನ್ ಬಾರ್ಟ್‌ಲೆಟ್ ಹಡಗನ್ನು ಓಡಿಸುತ್ತಲೇ ಇದ್ದ. ಅಪ್ಪಣೆಗೆ ಮುಂಚೆ ಇಳಿದ ಎರಡು ದೋಣಿಗಳು ತಿರುಗುತ್ತಿದ್ದ ಪ್ರೊಪೆಲರಿಗೆ ಸಿಕ್ಕವು. ಅಂಥ ಒಂದು ದೋಣಿಯಿಂದ ಹಾರಿ ಬದುಕಿದ ವಯೊಲೆಟ್ ಜೆಸಪ್ ಟೈಟಾನಿಕ್‌ನಲ್ಲೂ ಇದ್ದಾಕೆ. 55 ನಿಮಿಷದಲ್ಲಿ ಎಲ್ಲ ಮುಗಿಯಿತು. ಸಾವಿರಕ್ಕೂ ಹೆಚ್ಚು ಜನರಲ್ಲಿ ಸತ್ತವರು 30.

ಕಿಟ್‌ನಲ್ಲಿ ಕಿಟಕಿಗಳು ಬರೀ ಚುಕ್ಕೆ ಕುಳಿಗಳು. ಬಲಮಗ್ಗುಲಿನ ಮುಂದಿನ ಕೆಳಸಾಲನ್ನು ಕೈ ಡ್ರಿಲ್‌ನಲ್ಲಿ ಒಂದೊಂದಾಗಿ ಕೊರೆದು ತೂತು ಮಾಡಿದೆ. ನಾಲ್ಕು ಬಿಟ್ ಮುರಿದವು. ಮೊಮ್ಮಗಳು ಟಾರ್ಚ್ ಬಿಟ್ಟು ಒಳಗೆ ಇಣುಕಿ, "ನೀರು ಹೋಗಲ್ವಾ?" ಅಂದಳು. ಹೋಗುತ್ತೆ ಅಂದೆ. ಎಡಮಗ್ಗುಲನ್ನು ಕೊರೆದಿಲ್ಲ. ಅದು ಹೇಗೂ ಗೋಡೆಯ ಕಡೆ, ನನಗೂ ಕಣ್ಣು ಸೋತಿತ್ತು.